ವಾರಂಟಿ ಮುಗಿದ ಮೇಲೆ ಬ್ರೇಕಿನ ಆರೈಕೆ

ಪುಣೆಯಲ್ಲಿ ನೆಲೆಸಿರುವ ಅನೇಕ ಕನ್ನಡ ಕುಟುಂಬಗಳು ಹಬ್ಬಹರಿದಿನಗಳಿಗೆ ಸ್ವಂತ ಕಾರಿನಲ್ಲಿಯೇ ಬೆಳಗಾವಿ, ಧಾರವಾಡಗಳಿಗೆ ಹೋಗಿಬರುತ್ತವೆ. ಹೋಗುವಾಗ ಖಂಬಾಟಕಿ ಘಾಟನ್ನು ದಾಟಬೇಕು. ಮರಳುವಾಗ ಕಾತ್ರಜದ ಹೊಸ ಸುರಂಗದಿಂದ ನವಲೆ ಸೇತುವೆಯವರೆಗೆ ದೀರ್ಘವಾದ ಇಳಿಜಾರು. ಅಲ್ಲಿ ಭಾರಿ ವಾಹನಗಳ ಬ್ರೇಕು ಕೈಕೊಟ್ಟು ಸಂಭವಿಸಿದ ಅಪಘಾತಗಳು ಒಂದೆರಡಲ್ಲ.

ವಾರಂಟಿ ಮುಗಿದ ಮೇಲೆ ಅನಿರೀಕ್ಷಿತವಾಗಿ ಬರುವ ಬ್ರೇಕಿನ ದುರಸ್ತಿಯನ್ನು ಖರ್ಚಿಗಂಜಿ ಮುಂದೂಡುವವರು ಇದನ್ನು ನೆನೆಯಬೇಕು. ಪ್ಯಾಡುಗಳು ಸವೆಯುವ ಭಾಗಗಳಾದುದರಿಂದ ಸಾಮಾನ್ಯವಾಗಿ ವಾರಂಟಿಯ ವ್ಯಾಪ್ತಿಗೆ ಮೊದಲಿನಿಂದಲೂ ಸೇರವು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲಿನ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್. ತೇವ ಹೀರಿದ ಮೇಲೆ ಅದು 140ರವರೆಗೆ ಇಳಿಯಬಹುದು. ಇಳಿಜಾರಿನ ಕಾವಿಗೆ ಆಯಿಲ್ ಕುದಿದರೆ ಆವಿಯ ಗುಳ್ಳೆಗಳುಂಟಾಗಿ, ಪೆಡಲ್ ಒತ್ತಿದರೂ ಗಾಡಿ ನಿಲ್ಲದು.

ಆದುದರಿಂದ ಕಿರುಗುಟ್ಟುವ ಸದ್ದು, ಮೆತ್ತಗಾದ ಪೆಡಲ್, ಒಂದೇ ಕಡೆಗೆ ಎಳೆಯುವ ಗಾಡಿ, ಇವುಗಳನ್ನು ರೋಗದ ಮುನ್ಸೂಚನೆಯಂತೆ ಪರಿಗಣಿಸಬೇಕು. ಆಯಿಲನ್ನು ಸುಮಾರು ಎರಡು ವರ್ಷಗಳಿಗೊಮ್ಮೆ ಬದಲಿಸಬೇಕು. ದುರಸ್ತಿಗೆ ಮುನ್ನ ಬಿಡಿಭಾಗ ಹಾಗೂ ಕೂಲಿಯ ಅಂದಾಜನ್ನು ಬರೆಸಿಕೊಂಡು, ತೆಗೆದ ಹಳೆಯ ಭಾಗಗಳನ್ನು ಕೇಳಿ ನೋಡಿ, ರಸೀತಿಯನ್ನು ಜೋಪಾನವಾಗಿಡಬೇಕು. ಕೆಲಸದಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿಯೇ ಇಳಿಯಬೇಕು. ನ್ಯೂಟ್ರಲ್ ಸರ್ವಥಾ ಸಲ್ಲದು.

ಊರಿಗೆ ಹೊರಡುವ ಮುನ್ನ ಬ್ರೇಕಿನ ತಪಾಸಣೆಯ ಖರ್ಚನ್ನೂ ಪ್ರಯಾಣದ ವೆಚ್ಚದಲ್ಲಿ ಸೇರಿಸಿಕೊಳ್ಳುವುದು ಕುಟುಂಬದ ಕ್ಷೇಮಕ್ಕೆ ಹಿತಕರ.