ಬಾಯಿ ಬಿಡದ ಪೆಟ್ರೋಲ್ ಮುಚ್ಚಳ

ಕಾರು ಇಟ್ಟುಕೊಂಡವರು ಎಂಜಿನ್ನಿಗೆ ಹೆದರುತ್ತಾರೆ, ಟಯರಿಗೆ ಹೆದರುತ್ತಾರೆ, ಬ್ಯಾಟರಿಗೆ ಹೆದರುತ್ತಾರೆ. ಹಿಂಬದಿಯ ಮಗ್ಗುಲಲ್ಲಿರುವ ಅಂಗೈಯಗಲದ ಮುಚ್ಚಳಕ್ಕೆ ಹೆದರಿದವರನ್ನು ನಾವು ಕಂಡಿಲ್ಲ. ನಾವೂ ಹೆದರಿದವರಲ್ಲ, ಕಳೆದ ಚಳಿಗಾಲದಲ್ಲಿ ಕರಾಡದ ಪೆಟ್ರೋಲ್ ಪಂಪಿನಲ್ಲಿ ನಿಲ್ಲುವವರೆಗೆ. ಪುಣೆಯಿಂದ ಧಾರವಾಡಕ್ಕೆ ಓಡಾಡುವ ಸಂಸಾರಗಳು ನಮ್ಮ ಸಂಘದಲ್ಲಿ ಅನೇಕವಿರುವುದರಿಂದ ಆ ಫಜೀತಿಯನ್ನು ಇಲ್ಲಿ ಹೇಳಿಕೊಳ್ಳುತ್ತೇವೆ.

ಮರುದಿನ ಬೆಳಿಗ್ಗೆ ಧಾರವಾಡದಲ್ಲಿ ನಮ್ಮ ತಂದೆಯವರ ವರ್ಷಾಬ್ದಿಕ. ಪುರೋಹಿತರು ಎಂಟು ಗಂಟೆಗೆಲ್ಲ ಬಂದುಬಿಡುವವರು. ದಾರಿಯೋ ಸುಮಾರು 420 ಕಿಲೋಮೀಟರು. ಆಫೀಸಿನ ಕೆಲಸ ಮುಗಿಸಿ ಹೊರಟಾಗಲೇ ಮಧ್ಯಾಹ್ನವಾಗಿತ್ತು. ಹಿಂದಿನ ಸೀಟಿನಲ್ಲಿ ತಾಯಿಯವರು ಹೊಸ ಧೋತರದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಮಾತಿಲ್ಲದೆ ಕುಳಿತಿದ್ದರು. ಖಂಬಾಟಕಿ ಘಾಟು ದಾಟಿ, ಸಾತಾರೆ ದಾಟಿ, ಕೃಷ್ಣೆ ಕೊಯ್ನೆಯರು ಕೂಡುವ ಕರಾಡಕ್ಕೆ ಬರುವ ಹೊತ್ತಿಗೆ ಪೆಟ್ರೋಲ್ ಮುಳ್ಳು ಕೆಂಪು ಗೆರೆಯ ಮೇಲೆ ಮಲಗಿತ್ತು. ಕೊಲ್ಲಾಪುರದಲ್ಲಿ ಹಾಕಿಸಿದರಾಯಿತೆನ್ನಲು ಅದು ಇನ್ನೂ ಎಪ್ಪತ್ತು ಕಿಲೋಮೀಟರು ದೂರ.

ಪಂಪಿನ ಹುಡುಗ ಬಂದ. ಎಂಜಿನ್ ಆರಿಸಿ, ಸೀಟಿನ ಪಕ್ಕದ ನೆಲದಲ್ಲಿರುವ ಸಣ್ಣ ಹಿಡಿಯನ್ನು ಎಂದಿನಂತೆ ಮೇಲಕ್ಕೆಳೆದೆವು. ಹುಡುಗ ಮರಾಠಿಯಲ್ಲಿ "ಸಾಹೇಬ್, ಝಾಕಣ" ಎಂದ. ಮತ್ತೆ ಎಳೆದೆವು. ಮತ್ತೆ "ಝಾಕಣ" ಎಂದ. ಐದಾರು ಸಲ ಎಳೆದರೂ ಮುಚ್ಚಳ ಜಪ್ಪಯ್ಯ ಎನ್ನಲಿಲ್ಲ. ಹಿಂದಿದ್ದ ಲಾರಿಗಳು ಹಾರ್ನು ಬಾರಿಸತೊಡಗಿದವು. ಹುಡುಗ ಎಲ್ಲಿಂದಲೋ ಒಂದು ಸ್ಕ್ರೂಡ್ರೈವರ್ ತಂದು ಅಂಚಿಗೆ ತುರುಕಲು ಹೊರಟ. ನಮ್ಮ ಮನೆಯವರು ಅವನ ಕೈ ತಡೆದರು. ಅವರು ತಡೆದದ್ದು ಬಣ್ಣ ಕಿತ್ತೀತೆಂಬ ಸಂಕಟದಿಂದ; ಆದರೆ ತಡೆದದ್ದು ಸರಿಯೇ. ಕಬ್ಬಿಣದಿಂದ ಮೀಟಿದರೆ ತೆಳು ತಗಡು ಬಾಗುತ್ತದೆ, ಮುಂದೆ ಸರಿಯಾಗಿ ಮುಚ್ಚುವುದೂ ಇಲ್ಲ. ಮೇಲಾಗಿ ಪೆಟ್ರೋಲಿನ ಆವಿ ಇರುವೆಡೆ ಲೋಹಕ್ಕೆ ಲೋಹ ಉಜ್ಜಿ ಕಿಡಿ ಹಾರಿಸುವುದು ತರವಲ್ಲ.

ಹೊತ್ತು ಹೋಗುತ್ತಿತ್ತು. ತಂದೆಯವರ ಮೊದಲ ವರ್ಷದ ಕರ್ಮಕ್ಕೆ ಮಗನೇ ತಲುಪದಿದ್ದರೆ ಎಂಬ ಯೋಚನೆಯಿಂದ ನಮ್ಮ ಕೈ ನಡುಗುತ್ತಿತ್ತು. ಆಗ ತಾಯಿಯವರು ಗಂಟನ್ನು ಸೀಟಿನ ಮೇಲಿಟ್ಟು ಕೆಳಗಿಳಿದರು. ಮುಚ್ಚಳವನ್ನು ಒಮ್ಮೆ ಸವರಿ ನೋಡಿ, "ಎಳೀತಾನ ಇದ್ದರ ಹೆಂಗೋ? ಮೊದಲ ಒತ್ತಿ ಹಿಡೀಬೇಕು. ಟ್ರಂಕಿನ ಕೊಂಡಿ ಬಿಗಿ ಆದ್ರ ನಿಮ್ಮಪ್ಪ ಹೆಂಗ ತಗೀತಿದ್ರು?" ಎಂದರು. ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿದರು. ನಾವು ಹಿಡಿಯನ್ನು ಎಳೆದು ಹಾಗೆಯೇ ಹಿಡಿದೆವು. ಅವರು ಕೈ ತೆಗೆದರು. ಟಪ್ಪೆಂದು ಬಾಯಿ ಬಿಟ್ಟಿತು. ಲಾರಿಯವನೊಬ್ಬ ಚಪ್ಪಾಳೆಯನ್ನೇ ತಟ್ಟಿದ.

ರಾತ್ರಿ ಹನ್ನೊಂದಕ್ಕೆ ಧಾರವಾಡ ಸೇರಿದೆವು. ಕಾರ್ಯ ಸಾಂಗವಾಗಿ ಮುಗಿಯಿತು. ಅದರ ಮಾರನೆಯ ದಿನ ಓಣಿಯ ಮಿಸ್ತ್ರಿಯ ಬಳಿ ಕಾರು ಒಯ್ದಾಗ ರಹಸ್ಯ ತಿಳಿಯಿತು. ಸೀಟಿನ ಪಕ್ಕದ ಹಿಡಿಯಿಂದ ಒಂದು ತಂತಿ ಕಾರಿನ ಮಗ್ಗುಲಿನುದ್ದಕ್ಕೂ ಓಡಿ ಹಿಂದೆ ಒಂದು ಸಣ್ಣ ಗೂಟವನ್ನು ಒಳಕ್ಕೆಳೆಯುತ್ತದೆ. ಗೂಟ ಸರಿದೊಡನೆ ಮುಚ್ಚಳದ ಹಿಂದಿನ ಸ್ಪ್ರಿಂಗ್ ಪಟ್ಟಿ ಅದನ್ನು ಹೊರಕ್ಕೆ ತಳ್ಳುತ್ತದೆ. ನಮ್ಮ ಕಾರಿನಲ್ಲಿ ಗೂಟಕ್ಕೆ ಧೂಳೂ ಜಿಡ್ಡೂ ಮೆತ್ತಿತ್ತು, ತಂತಿಯೂ ತುಸು ಸಡಿಲವಾಗಿತ್ತು. ಹೊರಗೆ ತಳ್ಳುವ ಮುಚ್ಚಳ ಗೂಟವನ್ನು ಕಚ್ಚಿ ಹಿಡಿದಿದ್ದರಿಂದ ಸಡಿಲ ತಂತಿಗೆ ಅದನ್ನು ಎಳೆಯುವ ಬಲ ಸಾಲಲಿಲ್ಲ. ಅಂಗೈಯ ಒತ್ತು ಆ ಕಚ್ಚನ್ನು ಬಿಡಿಸಿತು, ಅಷ್ಟೇ. ಮಿಸ್ತ್ರಿ ಹಳೆ ಹಲ್ಲುಜ್ಜುವ ಬ್ರಶ್ಶಿನಿಂದ ಗೂಟವನ್ನೂ ಕೀಲನ್ನೂ ತಿಕ್ಕಿ, ಎರಡು ಹನಿ ಎಣ್ಣೆ ಬಿಟ್ಟು ಒರೆಸಿ, ತಂತಿಯನ್ನು ಬಿಗಿ ಮಾಡಿದ. ಮುಚ್ಚಳದ ಗೂಡಿನ ತಳದಲ್ಲಿ ಮಳೆನೀರು ಹರಿದುಹೋಗಲು ಒಂದು ರಂಧ್ರವಿರುತ್ತದಂತೆ. ಅದು ಮಣ್ಣು ತುಂಬಿ ಮುಚ್ಚಿತ್ತು. ನೀರು ನಿಂತರೆ ತುಕ್ಕು ಹಿಡಿಯದೆ ಇರುತ್ತದೆಯೇ? ಒಂದು ಕಡ್ಡಿಯಿಂದ ಅದನ್ನೂ ಬಿಡಿಸಿದ.

ಎಲ್ಲರ ರೋಗವೂ ಒಂದೇ ಆಗಿರಬೇಕೆಂದಿಲ್ಲ. ಹಿಡಿ ಎಳೆದಾಗ ಕೈಗೆ ಏನೂ ತಡೆ ಸಿಗದಿದ್ದರೆ ತಂತಿ ಕಡಿದಿದೆ ಅಥವಾ ಕಳಚಿದೆ. ಹಿಡಿಯೇ ಮೇಲೇಳದಷ್ಟು ಬಿಗಿಯಾಗಿದ್ದರೆ ತಂತಿ ತುಕ್ಕು ಹಿಡಿದಿದೆ. ಜೋರು ಮಾಡಿ ಎಳೆದರೆ ಹಿಡಿಯೇ ಮುರಿದು ಕೈಗೆ ಬಂದೀತು. ಹಿಂದೆ ಟಕ್ಕೆಂದು ಸದ್ದು ಕೇಳಿಯೂ ಮುಚ್ಚಳ ಏಳದಿದ್ದರೆ ಸ್ಪ್ರಿಂಗ್ ಸೋತಿದೆ. ಆಗ ಒಬ್ಬರು ಹಿಡಿ ಎಳೆದು ಹಿಡಿದಿರಲು ಇನ್ನೊಬ್ಬರು ಪ್ಲಾಸ್ಟಿಕ್ ಪಟ್ಟಿಯಿಂದ ಅಂಚನ್ನು ಮೆಲ್ಲಗೆ ಎತ್ತಿದರೆ ಸಾಕು. ತಂತಿ ಕಡಿದವರಿಗೂ ದಾರಿ ಉಂಟು: ಅನೇಕ ಕಾರುಗಳಲ್ಲಿ ಡಿಕ್ಕಿಯೊಳಗೆ, ಮುಚ್ಚಳವಿರುವ ಮಗ್ಗುಲಿನ ಹೊದಿಕೆಯನ್ನು ಸರಿಸಿದರೆ ಆ ಗೂಟದ ಹಿಂಭಾಗಕ್ಕೆ ಕೈ ಎಟಕುತ್ತದೆ, ಕೆಲವುಗಳಲ್ಲಿ ಇದಕ್ಕಾಗಿಯೇ ಒಂದು ದಾರವನ್ನೂ ಇಟ್ಟಿರುತ್ತಾರೆ. ಹಿಡಿಯೇ ಇಲ್ಲದೆ ಮುಚ್ಚಳವನ್ನು ಒತ್ತಿ ತೆರೆಯುವ ಹೊಸ ಕಾರುಗಳವರು ಮೊದಲು ಬಾಗಿಲುಗಳ ಬೀಗವೆಲ್ಲ ತೆಗೆದಿದೆಯೇ ನೋಡಬೇಕು. ಅಂಥವುಗಳಲ್ಲಿ ಮುಚ್ಚಳದ ಬೀಗವೂ ಸಾಮಾನ್ಯವಾಗಿ ಬಾಗಿಲುಗಳ ಬೀಗದೊಡನೆಯೇ ಬೀಳುತ್ತದೆ.

ಪುಣೆಗೆ ಹಿಂದಿರುಗುವಾಗ ಮತ್ತೆ ಕರಾಡದಲ್ಲಿಯೇ ನಿಂತೆವು. ಮುಚ್ಚಳ ರಿಪೇರಿಯಾಗಿದೆ, ನೀವು ಇಳಿಯುವುದು ಬೇಡ ಎಂದು ತಾಯಿಯವರಿಗೆ ಹೇಳಿ ಹಿಂದಿರುಗಿ ನೋಡಿದೆವು. ಸೀಟು ಖಾಲಿ. ಅವರು ಆಗಲೇ ಇಳಿದು, ಮುಚ್ಚಳದ ಮೇಲೆ ಅಂಗೈ ಇಟ್ಟುಕೊಂಡು, "ಹೂಂ, ಎಳಿ" ಎನ್ನುತ್ತಿದ್ದರು.