ಸಂಪನ್ಮೂಲ ನಿರ್ವಹಣಾ ಯೋಜನೆ (ಅಮೇರಿಕ ಸಂಯುಕ್ತ ಸಂಸ್ಥಾನ)

ಸಂಪನ್ಮೂಲ ನಿರ್ವಹಣಾ ಯೋಜನೆಯು ಅಮೇರಿಕ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕ ಭೂಮಿ ಹಾಗೂ ಒಕ್ಕೂಟ ಸರ್ಕಾರದ ಒಡೆತನದ ಖನಿಜಗಳ ದೀರ್ಘಕಾಲೀನ ಬಳಕೆಯನ್ನು ನಿರ್ಧರಿಸುವ ದಾಖಲೆಯಾಗಿದೆ. 1946ರಲ್ಲಿ ಸ್ಥಾಪನೆಯಾದ ಭೂ ನಿರ್ವಹಣಾ ಬ್ಯೂರೋ ಇದನ್ನು ರೂಪಿಸುತ್ತದೆ. ಸುಮಾರು 24.5 ಕೋಟಿ ಎಕರೆ ಭೂಮಿ ಮತ್ತು ಸುಮಾರು 70 ಕೋಟಿ ಎಕರೆ ವಿಸ್ತಾರದ ಭೂಗತ ಖನಿಜ ಸಂಪತ್ತು ಈ ಸಂಸ್ಥೆಯ ಆಡಳಿತಕ್ಕೆ ಒಳಪಟ್ಟಿವೆ.

ಒಡೆತನದ ವಿಭಜನೆ

ಈ ಎರಡು ವಿಸ್ತೀರ್ಣಗಳ ಅಂತರಕ್ಕೆ ನೆಲ ಮತ್ತು ಖನಿಜಗಳ ಒಡೆತನ ಬೇರೆಬೇರೆಯಾಗಿರುವುದೂ ಒಂದು ಕಾರಣ. ಉದಾಹರಣೆಗೆ, 1916ರ ಕಾಯಿದೆಯೊಂದರ ಅಡಿಯಲ್ಲಿ ಜಾನುವಾರು ಸಾಕಣೆಗಾರರಿಗೆ ಭೂಮಿಯನ್ನು ನೀಡಿದಾಗ ಸರ್ಕಾರವು ಖನಿಜದ ಹಕ್ಕನ್ನು ತನ್ನಲ್ಲೇ ಉಳಿಸಿಕೊಂಡಿತು. ಆದ್ದರಿಂದ ಖಾಸಗಿ ಹುಲ್ಲುಗಾವಲಿನ ಅಡಿಯಲ್ಲಿರುವ ತೈಲವನ್ನೂ ಸರ್ಕಾರವು ಗುತ್ತಿಗೆಗೆ ಕೊಡಬಹುದಾಗಿದೆ.

ರಚನೆಯ ಕ್ರಮ

1976ರ ಒಕ್ಕೂಟ ಭೂ ನೀತಿ ಮತ್ತು ನಿರ್ವಹಣಾ ಕಾಯಿದೆಯು ಭೂಬಳಕೆಯ ಯೋಜನೆಗಳನ್ನು ಕಡ್ಡಾಯಗೊಳಿಸಿತು. ಮೇವು, ಗಣಿಗಾರಿಕೆ, ವನ್ಯಜೀವಿ, ವಿಹಾರ ಮೊದಲಾದವುಗಳನ್ನು ಒಟ್ಟಾಗಿ ಪರಿಗಣಿಸುವ ‘ಬಹುವಿಧ ಬಳಕೆ’ ಇದರ ಮೂಲತತ್ವ. ಕರಡು ಯೋಜನೆಯ ಬಗ್ಗೆ ಅಭಿಪ್ರಾಯ ತಿಳಿಸಲು ಸಾರ್ವಜನಿಕರಿಗೆ 90 ದಿನಗಳ ಕಾಲಾವಕಾಶವಿರುತ್ತದೆ. ಅಂತಿಮ ಪ್ರಸ್ತಾವಕ್ಕೆ 30 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಯೋಜನಾ ಪ್ರಕ್ರಿಯೆಯಲ್ಲಿ ಮೊದಲೇ ಪಾಲ್ಗೊಂಡವರಿಗೆ ಮಾತ್ರ ಈ ಅವಕಾಶವಿದೆ.

ಮಹತ್ವ

ಯಾವ ಪ್ರದೇಶವು ತೈಲ ಮತ್ತು ಅನಿಲದ ಗುತ್ತಿಗೆಗೆ ಮುಕ್ತ, ಯಾವುದು ನಿರ್ಬಂಧಿತ ಎಂಬುದು ಯೋಜನೆಯಲ್ಲಿಯೇ ತೀರ್ಮಾನವಾಗುತ್ತದೆ. ಮುಂದಿನ ಪ್ರತಿಯೊಂದು ಅನುಮತಿಯೂ ಯೋಜನೆಗೆ ಅನುಗುಣವಾಗಿರಬೇಕು. ಹೀಗಾಗಿ ಕೊಳವೆಬಾವಿ ಕೊರೆಯುವ ಹಂತಕ್ಕಿಂತ ಬಹಳ ಮೊದಲೇ, ಯೋಜನೆಯ ಹಂತದಲ್ಲಿ, ಸ್ಥಳೀಯರ ಅಭಿಪ್ರಾಯಕ್ಕೆ ಹೆಚ್ಚಿನ ಮಹತ್ವವಿರುತ್ತದೆ.