ಮೈಲೇಜ್ ಕುಸಿದರೆ ಮೊದಲು ಲೆಕ್ಕ, ಆಮೇಲೆ ಸ್ಪ್ಯಾನರ್

ಬಳಸಿದ ಡೀಸೆಲ್ ಕಾರು ಕೊಂಡವರಿಂದ ಸಾಮಾನ್ಯವಾಗಿ ಕೇಳಿಬರುವ ದೂರು ಒಂದೇ: ‘ಕಂಪನಿ ಹೇಳಿದ್ದು ಲೀಟರಿಗೆ ಇಪ್ಪತ್ತರ ಮೇಲೆ, ಸಿಗುತ್ತಿರುವುದು ಹನ್ನೆರಡೋ ಹದಿಮೂರೋ.’ ದೂರು ಹುಸಿಯಲ್ಲ. ಆದರೆ ಅದಕ್ಕೆ ಅನೇಕ ಗ್ಯಾರೇಜುಗಳಲ್ಲಿ ಸೂಚಿಸುವ ಪರಿಹಾರ ಊಹೆಯ ಮೇಲೆ ನಿಂತಿರುತ್ತದೆ. ಊಹೆ ಮೆಕ್ಯಾನಿಕ್‌ನದು, ಬಿಲ್ಲು ಗ್ರಾಹಕನದು.

ಇಂಥ ಕಾರುಗಳು ಇಷ್ಟೊಂದು ಸಂಖ್ಯೆಯಲ್ಲಿ ರಸ್ತೆಗಿಳಿದುದರ ಹಿಂದೆ ಒಂದು ಆರ್ಥಿಕ ಇತಿಹಾಸವಿದೆ. ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯನ್ನು ನಿಯಂತ್ರಣದಿಂದ ಮುಕ್ತಗೊಳಿಸಿದ್ದು 2010ರ ಜೂನ್‌ನಲ್ಲಿ. ಡೀಸೆಲ್ ಬೆಲೆಯನ್ನು ಮುಕ್ತಗೊಳಿಸಿದ್ದು 2014ರ ಅಕ್ಟೋಬರ್‌ನಲ್ಲಿ. ನಡುವಿನ ನಾಲ್ಕು ವರ್ಷಗಳಲ್ಲಿ ಎರಡರ ನಡುವಣ ಅಂತರ ಹಿಗ್ಗಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ ದಾಟಿದಾಗ ಡೀಸೆಲ್ 41 ರೂಪಾಯಿಯ ಆಸುಪಾಸಿನಲ್ಲಿತ್ತು. ಹೆಚ್ಚು ಓಡಾಟವಿಲ್ಲದ ಕುಟುಂಬಗಳೂ ಆಗ ಡೀಸೆಲ್ ಕಾರಿಗೆ ಮುಗಿಬಿದ್ದವು. 2020ರ ಜೂನ್‌ನಲ್ಲಿ ಅದೇ ದೆಹಲಿಯಲ್ಲಿ ಡೀಸೆಲ್ ಬೆಲೆ ಪೆಟ್ರೋಲನ್ನೂ ಮೀರಿತು. ರಿಯಾಯಿತಿ ಕರಗಿತು, ಅದನ್ನು ನಂಬಿ ಕೊಂಡ ಕಾರುಗಳು ಎರಡನೆಯ, ಮೂರನೆಯ ಮಾಲೀಕರ ಕೈ ಸೇರಿದವು.

ನನ್ನ ಬಳಿಯೂ 2014ರ ಮಾದರಿಯ ಅಂಥದೊಂದು ಕಾರಿದೆ. ಅದರ ಮೈಲೇಜ್ ಸಾಲದೆಂದು ಹೇಳಿದಾಗ, ಗ್ಯಾರೇಜೊಂದರಲ್ಲಿ ನಾಲ್ಕೂ ಇಂಜೆಕ್ಟರ್ ಬದಲಿಸಲು 40 ಸಾವಿರ ರೂಪಾಯಿಯ ಅಂದಾಜು ಪಟ್ಟಿ ಕೊಟ್ಟರು. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್ ಖರ್ಚಾಗಿದೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಸಮರ್ಥನೆಯಿಲ್ಲದ ಕಡತಕ್ಕೆ ಸಹಿ ಹಾಕುವ ಅಭ್ಯಾಸ ಸೇವೆಯಲ್ಲಿದ್ದಾಗಲೂ ನನಗಿರಲಿಲ್ಲ. ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಮೊದಲನೆಯ ಕೆಲಸ ಅಳತೆ. ಒಂದೇ ಬಂಕಿನ ಒಂದೇ ಪಂಪಿನಲ್ಲಿ, ನಾಜಲ್ ತಾನಾಗಿ ನಿಲ್ಲುವವರೆಗೆ ಟ್ಯಾಂಕ್ ತುಂಬಿಸಿ ಓಡೋಮೀಟರಿನ ಅಂಕಿ ಬರೆದಿಟ್ಟುಕೊಳ್ಳಬೇಕು. ಮುಂದಿನ ಬಾರಿ ಮತ್ತೆ ಹಾಗೆಯೇ ತುಂಬಿಸಿ, ಓಡಿದ ದೂರವನ್ನು ಹಾಕಿಸಿದ ಲೀಟರ್‌ಗಳಿಂದ ಭಾಗಿಸಬೇಕು. ಒಂದು ಸಲದ ಲೆಕ್ಕ ಸಾಲದು, ಮೂರು ಸಲವಾದರೂ ಬೇಕು. ನಗರದ ಓಡಾಟದಲ್ಲಿ ನನಗೆ ಬಂದ ಉತ್ತರ 1,236 ಕಿಲೋಮೀಟರಿಗೆ 92.2 ಲೀಟರ್, ಅಂದರೆ ಲೀಟರಿಗೆ 13.4. ಡ್ಯಾಶ್‌ಬೋರ್ಡಿನ ಪರದೆ ಮಾತ್ರ 15 ಎಂದು ತೋರಿಸುತ್ತಿತ್ತು. ಆ ಪರದೆಯದು ಗಣಕದ ಅಂದಾಜು. ಬಂಕಿನ ರಸೀದಿಯದು ಅಳತೆ. ಹಿಂದಿನ ಮಾಲೀಕ ದೊಡ್ಡ ಗಾತ್ರದ ಟೈರ್ ಹಾಕಿಸಿದ್ದರೆ ಓಡೋಮೀಟರೇ ದೂರವನ್ನು ಕಡಿಮೆ ಎಣಿಸುತ್ತದೆ ಎಂಬುದೂ ನೆನಪಿರಲಿ. ಹೆದ್ದಾರಿಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿದರೆ ಅದು ತಿಳಿಯುತ್ತದೆ.

ಎರಡನೆಯದು, ಯಾವುದರೊಡನೆ ಹೋಲಿಸುತ್ತಿದ್ದೇವೆ ಎಂಬ ಪ್ರಶ್ನೆ. ಕಂಪನಿಗಳು ಜಾಹೀರಾತಿನಲ್ಲಿ ಕೊಡುತ್ತಿದ್ದ ಅಂಕಿ ಪ್ರಯೋಗಾಲಯದ ರೋಲರ್‌ಗಳ ಮೇಲೆ, ಏ.ಸಿ. ಹಾಕದೆ, ಗರಿಷ್ಠ 90 ಕಿಲೋಮೀಟರ್ ವೇಗದವರೆಗೆ ಓಡಿಸಿ ಪಡೆದದ್ದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತವನಿಗೆ ಅದು ಅನ್ವಯಿಸುವುದಿಲ್ಲ. ಹೆಚ್ಚು ನ್ಯಾಯವಾದ ಪರೀಕ್ಷೆಯೆಂದರೆ ಮೈಸೂರು ಹೆದ್ದಾರಿಯಂಥ ಕಡೆ 80ರ ಸ್ಥಿರ ವೇಗದಲ್ಲಿ ನೂರಿನ್ನೂರು ಕಿಲೋಮೀಟರ್ ಓಡಿಸಿ ಅಳೆಯುವುದು. ಹೆದ್ದಾರಿಯಲ್ಲಿ ಚೆನ್ನಾಗಿದ್ದು ನಗರದಲ್ಲಿ ಮಾತ್ರ ಕಡಿಮೆಯಾದರೆ ಮೊದಲು ನೋಡಬೇಕಾದದ್ದು ಬಳಕೆಯ ರೀತಿಯನ್ನು. ಎರಡೂ ಕಡೆ ಕಡಿಮೆಯಾದರೆ ಯಂತ್ರವನ್ನು ಶಂಕಿಸಬೇಕು. ನನ್ನ ಕಾರು ಹೆದ್ದಾರಿಯಲ್ಲೂ 16 ದಾಟಲಿಲ್ಲ.

ಮೂರನೆಯದು ತಪಾಸಣೆಯ ಕ್ರಮ: ಅಗ್ಗದ್ದು ಮೊದಲು, ದುಬಾರಿಯದು ಕೊನೆಗೆ. ಟೈರುಗಳ ಗಾಳಿ ಮತ್ತು ವೀಲ್ ಅಲೈನ್‌ಮೆಂಟ್‌ನಿಂದ ಆರಂಭಿಸಬೇಕು. ಅರ್ಧ ಗಂಟೆ ಓಡಿಸಿ ನಿಲ್ಲಿಸಿದಾಗ ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ, ಅಲ್ಲಿ ಬ್ರೇಕ್ ಹಿಡಿದುಕೊಂಡಿರುವ ಸಾಧ್ಯತೆಯಿದೆ. ಉಷ್ಣತೆಯ ಮುಳ್ಳು ಹೆದ್ದಾರಿಯಲ್ಲಿ ಕೆಳಗಿಳಿಯುತ್ತಿದ್ದರೆ ಥರ್ಮೋಸ್ಟಾಟ್ ತೆರೆದೇ ಉಳಿದಿದೆಯೆಂದು ಶಂಕಿಸಬಹುದು. ತಣ್ಣಗಿರುವ ಎಂಜಿನ್ ಹೆಚ್ಚು ಡೀಸೆಲ್ ಕುಡಿಯುತ್ತದೆ. ಕಪ್ಪು ಹೊಗೆ ಬಂದು ಎಳೆತ ಕುಗ್ಗಿದ್ದರೆ ಏರ್ ಫಿಲ್ಟರ್, ಟರ್ಬೊ ಕೊಳವೆಯ ಸೋರಿಕೆ, ಮಸಿ ಕಟ್ಟಿದ ಇ.ಜಿ.ಆರ್. ಕವಾಟಗಳನ್ನು ನೋಡಬೇಕು. ಇಂಜೆಕ್ಟರ್‌ನ ಸರದಿ ಇವೆಲ್ಲದರ ನಂತರ. ಅದನ್ನೂ ಊಹಿಸಬೇಕಿಲ್ಲ, ಪ್ರತಿ ಇಂಜೆಕ್ಟರ್‌ನಿಂದ ಹಿಂದಿರುಗುವ ಡೀಸೆಲ್ಲನ್ನು ಅಳೆದು, ಸ್ಕ್ಯಾನರ್‌ನಲ್ಲಿ ಅಂಕಿಗಳನ್ನು ಓದಿ ಪರೀಕ್ಷಿಸಬಹುದು.

ನನ್ನ ಕಾರಿನಲ್ಲಿ ಸಿಕ್ಕಿದ ದೋಷಗಳು ಎರಡು. ಮುಂದಿನ ಎಡಚಕ್ರದ ಬ್ರೇಕ್ ಕ್ಯಾಲಿಪರ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಥರ್ಮೋಸ್ಟಾಟ್ ಮುಚ್ಚುತ್ತಿರಲಿಲ್ಲ. ಇಂಜೆಕ್ಟರ್‌ಗಳು ಮಿತಿಯೊಳಗೇ ಇದ್ದವು. ಬೇರೊಬ್ಬ ಮೆಕ್ಯಾನಿಕ್ 6 ಸಾವಿರ ರೂಪಾಯಿಯಲ್ಲಿ ಎರಡನ್ನೂ ಸರಿಪಡಿಸಿದ ಮೇಲೆ ನಗರದಲ್ಲಿ 16, ಹೆದ್ದಾರಿಯಲ್ಲಿ 20 ಸಿಗುತ್ತಿದೆ.

ಇಲ್ಲಿ ಅರ್ಥಶಾಸ್ತ್ರದ ಒಂದು ಮಾತು ಅಗತ್ಯ. ‘ಲೀಟರಿಗೆ ಎಷ್ಟು ಕಿಲೋಮೀಟರ್’ ಎಂಬ ಮಾನದಂಡ ಉಳಿತಾಯದ ವಿಷಯದಲ್ಲಿ ಕಣ್ಣು ತಪ್ಪಿಸುತ್ತದೆ. ಮೈಲೇಜ್ 10ರಿಂದ 12ಕ್ಕೇರಿದರೆ ನೂರು ಕಿಲೋಮೀಟರಿಗೆ 1.67 ಲೀಟರ್ ಉಳಿಯುತ್ತದೆ. 20ರಿಂದ 24ಕ್ಕೇರಿದರೆ ಉಳಿಯುವುದು 0.83 ಲೀಟರ್ ಮಾತ್ರ. ಯುರೋಪಿನಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಎಂದು ಎಣಿಸುತ್ತಾರೆ; ವಿವೇಕದ ಕ್ರಮ ಅದು. ತಿಂಗಳಿಗೆ 500 ಕಿಲೋಮೀಟರ್ ಓಡಿಸುವ ನನಗೆ 13.4ರಿಂದ 16ಕ್ಕೇರಿದ್ದರಿಂದ ಉಳಿಯುವುದು ಸುಮಾರು 6 ಲೀಟರ್. ಲೀಟರಿಗೆ 90 ರೂಪಾಯಿ ಹಿಡಿದರೆ 540 ರೂಪಾಯಿ. 6 ಸಾವಿರದ ರಿಪೇರಿಯ ಹಣ ಒಂದು ವರ್ಷದೊಳಗೆ ಹಿಂದಿರುಗುತ್ತದೆ. ಇಂಜೆಕ್ಟರ್ ಬದಲಿಸಿ ಇಷ್ಟೇ ಫಲ ಸಿಕ್ಕಿದ್ದರೂ 40 ಸಾವಿರ ಹಿಂದಿರುಗಲು ಆರು ವರ್ಷ ದಾಟಬೇಕಿತ್ತು. ಅಷ್ಟು ಹೊತ್ತಿಗೆ ನೋಂದಣಿಯ 15 ವರ್ಷಗಳೂ ಮುಗಿದಿರುತ್ತವೆ. ಪಿಂಚಣಿದಾರನಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಹಣದಾಚೆಯ ಲೆಕ್ಕವೂ ಇದೆ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ 72 ಲೀಟರ್ ಉಳಿಸಿದರೆ 190 ಕಿಲೋಗ್ರಾಮಿಗೂ ಹೆಚ್ಚು ತಪ್ಪಿದಂತೆ. ಇನ್ನು ಹಿಡಿದುಕೊಂಡ ಬ್ರೇಕ್ ಬರಿಯ ಖರ್ಚಿನ ಬಾಬ್ತಲ್ಲ, ಜೀವದ ಪ್ರಶ್ನೆ.

ರಿಪೇರಿಗೆ ನಿಲುಕದ ಕಾರಣವೊಂದು ಉಳಿಯುತ್ತದೆ. ಡೀಸೆಲ್ ಎಂಜಿನ್ನಿನ ಮಿತವ್ಯಯ ತೋರುವುದು ಬಿಸಿಯಾಗಿ, ದೀರ್ಘಕಾಲ ಓಡಿದಾಗ. ಬನಶಂಕರಿಯಿಂದ ಜಯನಗರದ ಮಾರುಕಟ್ಟೆಗೆ ತರಕಾರಿಗೆಂದು ಹೋಗಿಬರುವಷ್ಟರಲ್ಲಿ ಅದು ಮೈಕಾಯಿಸಿಕೊಳ್ಳುವುದೇ ಕಷ್ಟ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ಬಿ.ಎಸ್.-6 ಡೀಸೆಲ್ ಕಾರುಗಳಿಗೆ ಇದು ಇನ್ನಷ್ಟು ತೊಡಕು: ಅವುಗಳ ಹೊಗೆ ಶೋಧಕದಲ್ಲಿ ತುಂಬಿದ ಮಸಿಯನ್ನು ಸುಡಲು ಹೆಚ್ಚುವರಿ ಡೀಸೆಲ್ ಬೇಕು, ನಿಲ್ಲದೆ ಸಾಗುವ ದಾರಿಯೂ ಬೇಕು.

ಆದುದರಿಂದ ಬಳಸಿದ ಡೀಸೆಲ್ ಕಾರು ಕೊಳ್ಳುವವರು ಮಾರುವವನನ್ನು ಮೈಲೇಜ್ ಎಷ್ಟೆಂದು ಕೇಳುವುದಕ್ಕೆ ಮುನ್ನ, ತಿಂಗಳಿಗೆ ಎಷ್ಟು ದೂರ, ಎಂಥ ರಸ್ತೆಯಲ್ಲಿ ಓಡಿಸುತ್ತೇವೆಂದು ತಮ್ಮನ್ನೇ ಕೇಳಿಕೊಳ್ಳುವುದು ಒಳಿತು. ಈಗಾಗಲೇ ಕೊಂಡವರು ಗ್ಯಾರೇಜಿಗೆ ಹೋಗುವ ಮೊದಲು ಮೂರು ಬಂಕ್ ರಸೀದಿಗಳನ್ನು ಕೂಡಿಟ್ಟುಕೊಳ್ಳಲಿ. ಅಂಕಿಗಳನ್ನು ಕೈಯಲ್ಲಿ ಹಿಡಿದು ಬಂದ ಗ್ರಾಹಕನಿಗೆ ಊಹೆಯ ಬಿಲ್ಲನ್ನು ನೀಡುವುದು ಅಷ್ಟು ಸುಲಭವಲ್ಲ.